ಸ್ವರಗಳ ಗವಿಯಲ್ಲಿ ಚಂದಲೆ ಕಟ್ಟಿದ ಕಪಾಟು

ಬಹಳ ಹಿಂದೆ, ಈಗಿನ ದಾರಿಗಳು ಯಾವುವೂ ಹುಟ್ಟಿರದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದ ಅಂಚಿನಲ್ಲಿ ಬಮ್ಮೋಜನೆಂಬ ಬಡಗಿ ಇದ್ದ. ಅವನ ಹೆಂಡತಿ ಹೊನ್ನಲೆ, ಮಗ ಕೇತೋಜ, ಮಗಳು ಚಂದಲೆ. ನಾಲ್ವರೂ ಸೇರಿ ಮರ ಕೊಯ್ಯುತ್ತಿದ್ದರು, ಹಲಗೆ ಕೂಡಿಸುತ್ತಿದ್ದರು, ಕೆಲಸದ ನಡುವೆಯೇ ಜಗಳವಾಡಿ ನಗುತ್ತಿದ್ದರು.

ಆ ರಾಜ್ಯಕ್ಕೆ ಕರಿಮಂಜನೆಂಬ ಮಾಂತ್ರಿಕ ಬಂದ. ಗವಿಯೊಂದರಲ್ಲಿ ನೆಲೆಸಿ, ಮಂಜಾಗಿ ಊರೊಳಗೆ ನುಗ್ಗಿ ಜನರ ಸ್ವರ ಕದಿಯುತ್ತಿದ್ದ. ಸ್ವರ ಕಳೆದುಕೊಂಡವರು ಪ್ರಾಣಿಗಳೋ ಪಕ್ಷಿಗಳೋ ಆಗಿಬಿಡುತ್ತಿದ್ದರು.

ಒಂದು ಬೆಳಗ್ಗೆ ಚಂದಲೆ ಹೊಳೆಗೆ ಹೋಗಿ ಬರುವಷ್ಟರಲ್ಲಿ ಅವಳ ಮನೆಗೂ ಮಂಜು ಬಂದು ಹೋಗಿತ್ತು. ಬಾಗಿಲಲ್ಲಿ ಒಂದು ಕರಡಿ ಕೂತಿತ್ತು. ಅದರ ಕೊರಳಲ್ಲಿ ಅಣ್ಣನ ತಾಯಿತವಿತ್ತು. ಒಂದು ಅಳಿಲು ಅವಳ ಸೆರಗು ಹಿಡಿದು ಮೇಲೇರಿ ಕೆನ್ನೆಗೆ ಮೂತಿ ಒತ್ತಿತು. ಒಂದು ಮರಕುಟಿಗ ಅಪ್ಪನ ಉಳಿಯ ಮೇಲೆ ಕೂತು ಕದಲಲೇ ಇಲ್ಲ.

“ಅಪ್ಪಾ, ಅವ್ವಾ, ಅಣ್ಣಾ, ಏನಾದರೂ ಹೇಳಿ” ಎಂದಳು ಚಂದಲೆ.

ಕರಡಿ ಕೊರಳ ತಾಯಿತವನ್ನು ಪಂಜದಿಂದ ಮುಟ್ಟಿ ತೋರಿಸಿತು.

ಆಮೇಲೆ ಆ ಮನೆಯಲ್ಲಿ ಅವಳದೊಂದೇ ಮಾತು. “ಊಟ ಆಯ್ತಾ?” ಎಂದು ತಾನೇ ಕೇಳಿ, “ಆಯ್ತು” ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಮೂವರೂ ಅವಳ ಸುತ್ತಲೇ ಇದ್ದರು. ಆದರೂ ಮನೆ ಬಣಗುಡುತ್ತಿತ್ತು. ಕೊನೆಗೆ ತಡೆಯಲಾರದೆ ಉಳಿ, ಗರಗಸ, ಕೊಡತಿಯನ್ನು ಚೀಲಕ್ಕೆ ತುಂಬಿ ಮಾಂತ್ರಿಕನ ಗವಿಗೆ ಹೊರಟಳು. ಮೂವರೂ ಹಿಂದೆ ಬಂದರು.

ಗವಿಯ ನೆಲ ಮಲಗಿದ ಮೃಗದಂತೆ ಉಸಿರಾಡುತ್ತಿತ್ತು. ಅದರ ಮೇಲೆ ನೂರಾರು ಮಣ್ಣಿನ ಕುಡಿಕೆಗಳು ಉರುಳಾಡುತ್ತಿದ್ದವು. ಒಂದೊಂದರಲ್ಲೂ ಒಂದೊಂದು ಸ್ವರ. ಅವು ಒಂದಕ್ಕೊಂದು ತಾಗಿ ಆಗಾಗ ಒಡೆಯುತ್ತಿದ್ದವು. ಹಾರಿಹೋಗುವ ಸ್ವರವನ್ನು ಕರಿಮಂಜ ಓಡಿ ಹಿಡಿದು ಬೇರೆ ಕುಡಿಕೆಗೆ ತುಂಬುತ್ತಿದ್ದ.

“ನನ್ನವರ ಸ್ವರ ಕೊಟ್ಟುಬಿಡು” ಎಂದಳು ಚಂದಲೆ.

“ಬಡಗಿಯ ಮಗಳಲ್ಲವಾ ನೀನು? ಈ ಕುಡಿಕೆಗಳನ್ನು ಇಡೋದಕ್ಕೆ ಕಪಾಟು ಕಟ್ಟು. ನಡೆಯುವ ಹೊನ್ನೆಯ ಮರವೇ ಆಗಬೇಕು. ಒಂದು ಕುಡಿಕೆಯೂ ಬೀಳಬಾರದು. ಹಾಗೆ ಕಟ್ಟಿದರೆ ಮೂರು ಸ್ವರ ನಿನ್ನವು” ಎಂದ ಅವನು.

ಚಂದಲೆ ಕಾಡಿಗೆ ಹೋದಳು. ನಡೆಯುವ ಹೊನ್ನೆ ಅವಳನ್ನು ಕಂಡದ್ದೇ ಬೇರು ಎತ್ತಿಕೊಂಡು ಓಡಿತು. ಅವಳು ಅಟ್ಟಿದಷ್ಟೂ ಅದು ದೂರವಾಯಿತು. ಆಗ ಅಳಿಲು ಸರಸರನೆ ಮರವೇರಿ, ಅವ್ವ ಮಕ್ಕಳ ತಲೆ ಸವರುತ್ತಿದ್ದಂತೆ ಅದರ ನೆತ್ತಿಯ ಎಲೆಗಳನ್ನು ಸವರಿತು. ಮರ ನಿಂತಿತು. ತೂಕಡಿಸಿತು. ತನ್ನ ದೊಡ್ಡದೊಂದು ಕೊಂಬೆಯನ್ನು ತಾನೇ ಕಳಚಿ ಕೆಳಗಿಟ್ಟಿತು.

ಚಂದಲೆ ಅದನ್ನು ಕೊಯ್ಯಲು ಕೂತಳು. ಗರಗಸ ಮುಂದೆ ಹೋದಂತೆ ಹಿಂದಿನ ಸೀಳು ಕೂಡಿಕೊಳ್ಳುತ್ತಿತ್ತು. ಸಂಜೆಯಾದರೂ ಒಂದು ಹಲಗೆಯೂ ಬರಲಿಲ್ಲ. ಆಗ ಕರಡಿ ಎದುರಿಗೆ ಕೂತು, ಸೀಳಿನೊಳಗೆ ಉಗುರು ತೂರಿಸಿ ಬಿಗಿಯಾಗಿ ಹಿಡಿಯಿತು. ಉಗುರಿಂದ ರಕ್ತ ಬಂದರೂ ಬಿಡಲಿಲ್ಲ.

“ನೋಯುತ್ತಾ ಅಣ್ಣಾ?” ಎಂದು ಕೇಳಿದಳು. ಕರಡಿ ಅವಳ ಮುಖವನ್ನೇ ನೋಡಿತು. ಅವಳು ಕಣ್ಣೊರೆಸಿಕೊಂಡು ಕೊಯ್ದಳು.

ಹಲಗೆಗಳನ್ನು ಗವಿಗೆ ತಂದು ಕಪಾಟು ನಿಲ್ಲಿಸಿದರೆ, ಉಸಿರಾಡುವ ನೆಲ ಅದನ್ನು ಕೆಡವಿತು. ಎತ್ತಿ ನಿಲ್ಲಿಸಿದಳು, ಮತ್ತೆ ಕೆಡವಿತು. ಆಗ ಮರಕುಟಿಗ ಗೋಡೆಯುದ್ದಕ್ಕೂ ಕೊಕ್ಕು ಬಡಿಯುತ್ತಾ ಹೋಗಿ ಗಟ್ಟಿಯಾದ ಕಡೆ ನಿಂತಿತು. ಚಂದಲೆಗೆ ಅರ್ಥವಾಯಿತು. ನೆಲವನ್ನು ಬಿಟ್ಟು, ಅಪ್ಪ ತೋರಿಸಿದ ಕಡೆಗಳಲ್ಲಿ ತೂತು ಕೊರೆದು, ಮರದ ಬೆಣೆ ಹೊಡೆದು, ಕಪಾಟನ್ನು ಗೋಡೆಗೇ ಕೂರಿಸಿದಳು.

ಕರಿಮಂಜ ಕುಡಿಕೆಗಳನ್ನೆಲ್ಲ ಜೋಡಿಸಿದ. ಒಂದೂ ಅಲುಗಲಿಲ್ಲ.

“ಭೇಷ್!” ಎಂದು ಮೂರು ಕುಡಿಕೆ ಅವಳ ಕೈಗಿಟ್ಟ. “ಗವಿ ದಾಟುವ ತನಕ ಮುಚ್ಚಳ ತೆಗೀಬೇಡ. ತೆಗೆದರೆ ಹಾರಿಹೋಗೋ ಸ್ವರವನ್ನ ನಾನೇ ಹಿಡಿದುಬಿಡ್ತೀನಿ. ಇನ್ನು ಹೋಗು. ಇಷ್ಟೊಂದು ಜಾಗ ಆಯ್ತಲ್ಲ, ನಾಳೆ ಇನ್ನಷ್ಟು ಊರಿಗೆ ಹೋಗಬೇಕು.”

ಚಂದಲೆ ಒಂದು ಕುಡಿಕೆಯನ್ನು ಕಿವಿಗಿಟ್ಟಳು. ಅಪ್ಪ ಒಳಗೆ ಕೆಮ್ಮುತ್ತಿದ್ದ. ಅವಳ ಎದೆ ತುಂಬಿ ಬಂತು. ಹೊರಡಲು ತಿರುಗಿದಾಗ ಕಪಾಟಿನಿಂದ ಯಾರದೋ ಮಗು “ಅಕ್ಕಾ” ಎಂದು ಕರೆಯಿತು. ಇನ್ಯಾರೋ ಮುದುಕಿ ಹಸುವನ್ನು ಕರೆಯುತ್ತಿದ್ದಳು. ತನ್ನ ಮನೆಯಂತೆ ಬಣಗುಡುವ ಮನೆಗಳು ಎಷ್ಟಿವೆಯೋ! ನಾಳೆ ಇನ್ನೆಷ್ಟೋ!

“ಏನು ಮಾಡಲಿ?” ಎಂದು ಮೂವರತ್ತ ತಿರುಗಿ ಪಿಸುಗುಟ್ಟಿದಳು. ಎಲ್ಲರ ಸ್ವರ ಬಿಡಿಸಲು ಹೋಗಿ ತಪ್ಪಿದರೆ ಈ ಮೂರೂ ಕೈಬಿಟ್ಟು ಹೋಗುತ್ತವೆ. ಅವರಿಗೆ ಉತ್ತರ ಹೇಳಲು ಬಾಯಿಲ್ಲ. ತೀರ್ಮಾನ ಅವಳೊಬ್ಬಳದೇ. ಅಷ್ಟು ಒಂಟಿ ಅವಳು ಹಿಂದೆಂದೂ ಆಗಿರಲಿಲ್ಲ.

ಅವಳು ಮೂರು ಕುಡಿಕೆಗಳನ್ನೂ ಕಪಾಟಿನಲ್ಲಿ ವಾಪಸು ಇಟ್ಟಳು.

“ಯಾಕೆ?” ಎಂದ ಕರಿಮಂಜ.

“ಬೆಣೆ ಬಿಗಿಯಾಗಿದೆಯಾ ನೋಡಿಬಿಡ್ತೀನಿ. ಆಮೇಲೆ ತಗೊಂಡು ಹೋಗ್ತೀನಿ” ಎಂದು ಒಂದು ಬೆಣೆಯನ್ನು ಕಿತ್ತಳು.

ಮೂವರಿಗೂ ತಿಳಿಯಿತು. ಮರಕುಟಿಗ ಒಂದನ್ನು ಕಿತ್ತಿತು, ಅಳಿಲು ಒಂದನ್ನು ಕಡಿಯಿತು, ಕರಡಿ ಹಲಗೆಗೇ ಜೋತುಬಿತ್ತು. ಕಪಾಟು ಧಡಾರನೆ ಉರುಳಿತು. ಕುಡಿಕೆಗಳೆಲ್ಲ ಒಟ್ಟಿಗೆ ಒಡೆದವು. ಇಡೀ ರಾಜ್ಯದ ಸ್ವರ ಗವಿಯಿಂದ ಹೊರಗೆ ನುಗ್ಗಿತು. ಯಾವುದನ್ನು ಹಿಡಿಯಬೇಕೋ ಕರಿಮಂಜನಿಗೆ ತೋಚಲಿಲ್ಲ. ಮಂತ್ರ ಹೇಳಲು ಬಾಯಿ ತೆರೆದ. ಏನೂ ಹೊರಡಲಿಲ್ಲ. ಅವನು ಈವರೆಗೆ ಆಡಿದ್ದೂ ಕದ್ದ ಸ್ವರದಲ್ಲೇ, ಈಗ ಅದೂ ಉಳಿದವುಗಳ ಜೊತೆ ಹಾರಿಹೋಗಿತ್ತು. ಅವನು ತೆಳ್ಳಗಿನ ಮಂಜಾಗಿ ಕಲ್ಲಿನ ಬಿರುಕಿನಲ್ಲಿ ಇಂಗಿಹೋದ.

ಕರಡಿ, ಅಳಿಲು, ಮರಕುಟಿಗ ಮೂವರೂ ಮತ್ತೆ ಮನುಷ್ಯರಾಗಿ ನಿಂತಿದ್ದರು. “ಮಗಳೇ!” ಎಂದ ಬಮ್ಮೋಜ.

ಅವರು ಹಲಗೆಗಳನ್ನು ಮನೆಗೆ ಹೊತ್ತು ತಂದು ಅಡುಗೆಮನೆಯಲ್ಲಿ ಕಪಾಟು ಕಟ್ಟತೊಡಗಿದರು. ಇನ್ನೂ ಮೇಲಕ್ಕೆ ಎಂದ ಬಮ್ಮೋಜ. ನನ್ನ ಕೈಗೆ ಎಟುಕಬೇಡವಾ ಎಂದಳು ಹೊನ್ನಲೆ. ಇಬ್ಬರೂ ಸುಮ್ಮನಿರಿ, ಕೈ ಬಿದ್ದು ಹೋಗ್ತಿದೆ ಎಂದು ಹಲಗೆ ಹಿಡಿದಿದ್ದ ಕೇತೋಜ ಕೂಗಿದ. ಒಂದು ಹಲಗೆ ಸೊಟ್ಟಗೇ ಕೂತಿತು.

ಚಂದಲೆ ಕೊಡತಿ ಕೆಳಗಿಟ್ಟು ಜಗಲಿಗೆ ಬಂದು ಕೂತಳು. ಹೊನ್ನಲೆ ಹಿಂದೆಯೇ ಬಂದಳು.

“ಯಾಕವ್ವಾ, ಹೊರಗೆ ಬಂದೆ?”

“ಏನಿಲ್ಲವ್ವಾ. ಅಷ್ಟೊಂದು ಮಾತು ಒಟ್ಟಿಗೇ ಕೇಳಿ ಅಭ್ಯಾಸ ತಪ್ಪಿಹೋಗಿದೆ. ನೀವು ಮಾತಾಡ್ತಾನೇ ಇರಿ. ನಾನು ಸ್ವಲ್ಪ ಹೊತ್ತು ಇಲ್ಲಿಂದಲೇ ಕೇಳ್ತೀನಿ.”

ಹೊನ್ನಲೆ ಮಗಳ ತಲೆ ಸವರಿ ಒಳಗೆ ಹೋಗಿ, ಗಂಡನ ಜೊತೆ ಇನ್ನೂ ಜೋರಾಗಿ ವಾದಕ್ಕಿಳಿದಳು. ಬೆಳ್ಗಲ್ಲಿನ ಎಲ್ಲ ಮನೆಗಳಲ್ಲೂ ಅಂದು ಅಂಥದೇ ಗದ್ದಲ. ಆ ರಾಜ್ಯದವರು ಆಮೇಲೆ ಬಹುಕಾಲ ಸುಖವಾಗಿ ಬಾಳಿದರು.