ಕಾಲು ಗಂಟೆ ಕಾಯಬೇಕು

ಆರ್ಲೆನ್ ನೀಮಿ ಮೊದಲ ಸಲ ಮಾರ್ನಿಯೊಡನೆ ಮಾತಾಡಿದಾಗ ಅವಳ ಮುಖವನ್ನೇ ನೋಡಿರಲಿಲ್ಲ. ಅವಳ ಕಾರಿನ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ, ಉಸಿರು ಪರೀಕ್ಷಿಸುವ ಯಂತ್ರದ ವೈರು ಜೋಡಿಸುತ್ತಾ, ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನು ಒಪ್ಪಿಸುತ್ತಿದ್ದ.

“ಊದೋ ಮುಂಚೆ ನೀರಲ್ಲಿ ಬಾಯಿ ಮುಕ್ಕಳಿಸಿ. ಮೌತ್‌ವಾಶ್ ಬೇಡ. ಕೆಮ್ಮಿನ ಸಿರಪ್ ಬೇಡ. ಬಿಸಿ ಬ್ರೆಡ್ಡು, ಬನ್ನು ತಿಂದ್ರೆ ಕಾಲು ಗಂಟೆ ಕಾಯಬೇಕು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಲ್ಲೂ ಒಂಚೂರು ಆಲ್ಕೋಹಾಲ್ ಇರುತ್ತೆ. ಬ್ರೆಡ್ಡೋ ಬ್ರಾಂಡಿಯೋ ಅಂತ ಈ ಯಂತ್ರಕ್ಕೆ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತೆ,” ಅಂದಳು ಮಾರ್ನಿ.

ಆಗ ಅವನು ತಲೆ ಹೊರಗೆ ತೆಗೆದು ನೋಡಿದ. ಅವಳು ನಗುತ್ತಿರಲಿಲ್ಲ. ಅವನ ಕಿವಿಗಳು ಮಾತ್ರ ಮೆಲ್ಲಗೆ ಕೆಂಪಾದವು. ಮಾರ್ನಿ ಹೌತಲಾ ಕಿವಿಯ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ದಿನವಿಡೀ ಜನರ ಕಿವಿಗಳನ್ನೇ ನೋಡುವವಳು. ಇಷ್ಟು ಪ್ರಾಮಾಣಿಕವಾದ ಕಿವಿಗಳನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ.

ಹಿಂದಿನ ಶರತ್ಕಾಲದಲ್ಲಿ ಅವಳು ಕುಡಿದು ಕಾರು ಓಡಿಸಿ ಲೂಥರನ್ ಚರ್ಚಿನ ಬೋರ್ಡನ್ನು ಕೆಡವಿದ್ದಳು. ಬೋರ್ಡಿನ ಮೇಲೆ ‘ಎಲ್ಲರಿಗೂ ಸ್ವಾಗತ’ ಎಂದಿತ್ತು. ಕುಡಿದು ಓಡಿಸಿ ಸಿಕ್ಕಿಬಿದ್ದದ್ದು ಅದು ಎರಡನೆಯ ಸಲ. ಜೈಲಿಗೆ ಹೋಗುತ್ತೀರೋ, ಚಿಕಿತ್ಸಾ ಕೋರ್ಟಿಗೆ ಸೇರುತ್ತೀರೋ ಎಂದು ಕೇಳಿದರು. ಅವಳು ಕೋರ್ಟನ್ನು ಆರಿಸಿಕೊಂಡಳು. ವಾರವಾರ ಗುಂಪಿನ ಸಭೆ, ಹೇಳದೆ ಕೇಳದೆ ಮೂತ್ರ ಪರೀಕ್ಷೆ, ಎರಡು ವಾರಕ್ಕೊಮ್ಮೆ ಜಡ್ಜ್ ವಾಸ್ಬರ್ಗ್ ಎದುರು ನಿಂತು ಹೇಗಿದ್ದೇನೆಂದು ಹೇಳುವುದು. ಜೊತೆಗೆ ಕಾರಿನೊಳಗೆ ಈ ಯಂತ್ರ. ಊದಿದರೆ, ಉಸಿರು ಶುದ್ಧವಿದ್ದರೆ, ಹಸಿರು ದೀಪ ಹತ್ತಿ ಎಂಜಿನ್ ಶುರುವಾಗುತ್ತದೆ.

ಗುಂಪಿನಲ್ಲಿದ್ದ ಮುದುಕ ಗೋರ್ಡಿ ಅದನ್ನು ಅತ್ತೆ ಎಂದು ಕರೆಯುತ್ತಿದ್ದ. “ನನ್ನ ಹೆಂಡ್ತಿ ಹೋದ್ಲು, ಅವಳ ಅಮ್ಮ ಹೋದ್ಲು. ಈಗ ಸರ್ಕಾರ ಹೊಸ ಅತ್ತೆ ಕೊಟ್ಟಿದೆ. ಬಾಯಿ ಮೂಸಿ ನೋಡಿದ ಮೇಲೇ ಹೊಸಿಲು ದಾಟಿಸ್ತಾಳೆ.”

ತಿಂಗಳಿಗೊಮ್ಮೆ ಯಂತ್ರವನ್ನು ಆರ್ಲೆನ್‌ನ ಅಂಗಡಿಗೆ ಒಯ್ದು ತೋರಿಸಬೇಕು. ಅದರೊಳಗಿನ ದಾಖಲೆಯನ್ನು ಅವನು ಕೋರ್ಟಿಗೆ ಕಳಿಸಬೇಕು. ಮಾರ್ನಿಗೆ ಆ ದಿನ ಬಂತೆಂದರೆ ಹಿಂದಿನ ರಾತ್ರಿಯಿಂದಲೇ ಎದೆ ಢವಢವ. ತಾನು ಏನನ್ನೂ ಮುಟ್ಟಿಲ್ಲವೆಂದು ಗೊತ್ತಿದ್ದೂ, ಮುಟ್ಟಿಬಿಟ್ಟಿದ್ದೇನೇನೋ ಎಂಬ ಅನುಮಾನ. ಆದರೆ ಚಳಿ ಶುರುವಾಗುವ ಹೊತ್ತಿಗೆ ಆ ಢವಢವಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಎರಡನ್ನೂ ಬೇರ್ಪಡಿಸುವುದು ಅವಳಿಗೆ ಕಷ್ಟವಾಗತೊಡಗಿತು.

“ಮಿನೆಸೋಟಾದ ಚಳಿ ಇದಕ್ಕೆ ಆಗಿಬರಲ್ಲ,” ಎಂದ ಆರ್ಲೆನ್, ಊದುವ ಹಿಡಿಯನ್ನು ವೈರಿನಿಂದ ಬಿಚ್ಚಿ ತೋರಿಸುತ್ತಾ. “ಸಂಜೆ ಇಷ್ಟನ್ನ ಕಳಚಿ ಒಳಗೆ ತಗೊಂಡ್ಹೋಗಿ. ಬೆಚ್ಚಗಿರೋ ಕಡೆ ಇಡಿ. ಮಂಚದ ಪಕ್ಕ, ಎಲ್ಲಾದರೂ.”

“ಅಂತೂ ನನ್ನ ಮಂಚದ ಪಕ್ಕಕ್ಕೆ ಯಾರೋ ಬಂದ ಹಾಗಾಯ್ತು.”

ಕಿವಿಗಳು ಕೆಂಪಾದವು. ಅವನು ಸ್ಕ್ರೂಡ್ರೈವರ್ ಬೀಳಿಸಿ, ಅದನ್ನು ಹುಡುಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ.

ಮುಂದಿನ ತಿಂಗಳು ಅವನು ಬಾಯಿ ತೆರೆಯುವ ಮೊದಲೇ ಅವಳು ಕೈಕಟ್ಟಿ ನಿಂತು ಪಾಠ ಒಪ್ಪಿಸಿದಳು. “ಮುಕ್ಕಳಿಸಬೇಕು, ಮೌತ್‌ವಾಶ್ ಬೇಡ, ಸಿರಪ್ ಬೇಡ, ಬಿಸಿ ಬ್ರೆಡ್ಡಿಗೆ ಕಾಲು ಗಂಟೆ. ಸರಿನಾ ಮೇಷ್ಟ್ರೇ?”

“ಸರಿ. ಆದರೆ ನನ್ನ ಹಾಗೆ ಬೋರಾಗಿ ಹೇಳೋಕೆ ನಿಮಗೆ ಬರಲ್ಲ.”

“ಕಲೀತೀನಿ ಬಿಡಿ. ಇನ್ನೂ ಟೈಮಿದೆ.”

ಟೈಮು ಹೆಚ್ಚು ಇರಲಿಲ್ಲ. ಚಳಿ ಮುಗಿಯುವುದರೊಳಗೆ ಅವಳ ಶಿಕ್ಷೆಯ ಅವಧಿ ಮುಗಿಯುವುದಿತ್ತು. ಆಮೇಲೆ ಯಂತ್ರವನ್ನು ಬಿಚ್ಚಿಬಿಡುತ್ತಾರೆ; ಅಂಗಡಿಗೆ ಬರಲು ನೆಪವಿರುವುದಿಲ್ಲ. ಅದಕ್ಕೆ ಮೊದಲು ಏನನ್ನೂ ಹೇಳುವಂತಿರಲಿಲ್ಲ. ಕೋರ್ಟಿನ ಗಿರಾಕಿಗಳೊಡನೆ ಅಂಗಡಿಯ ಹೊರಗೆ ಯಾವ ವ್ಯವಹಾರವೂ ಕೂಡದೆಂದು ಮಾಲೀಕ ಗೋಡೆಯ ಮೇಲೇ ಬರೆಸಿ ಹಾಕಿದ್ದ. ಅಂಗಡಿಯ ಲೈಸೆನ್ಸ್ ನಿಂತಿದ್ದುದು ಅದರ ಮೇಲೆ.

ಹಾಗಿದ್ದೂ ಒಂದು ಶುಕ್ರವಾರ ಬೆಳಿಗ್ಗೆ ಆರ್ಲೆನ್ ಅವಳ ಮನೆಬಾಗಿಲಿಗೆ ಬಂದ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು. ಮೀಸೆಯ ಮೇಲೆ ಮಂಜು.

“ಪುಲ್ಲಾ ಬ್ರೆಡ್ಡು,” ಎಂದ. “ಅಮ್ಮನ ಕೈರುಚಿ ಬರುತ್ತಾ ಅಂತ ನೋಡ್ತಿದ್ದೆ. ಬರಲಿಲ್ಲ. ಅವಸರ ಮಾಡಿ ಓವನ್ನಿಂದ ಬೇಗ ತೆಗೆದೆ, ನಡುವೆ ಹಸಿಹಸಿ ಇದೆ.”

“ಸೋತ ಅಡುಗೆನ ನನಗೆ ತಿನ್ನಿಸೋಕೆ ಬಂದ್ರಾ?”

“ಗೆದ್ದಿದ್ರೆ ನಾನೇ ತಿಂತಿದ್ದೆ.”

ಅಡುಗೆಮನೆಯಲ್ಲಿ ಇಬ್ಬರೂ ನಿಂತೇ ತಿಂದರು. ಜಡೆ ಹೆಣೆದಂತಿದ್ದ ಬ್ರೆಡ್ಡನ್ನು ಬಿಡಿಸಿದಾಗ ಏಲಕ್ಕಿಯ ಆವಿ ಎದ್ದಿತು. ಅವಳ ತುಟಿಯ ಮೇಲೆ ಸಕ್ಕರೆಯ ಹರಳು ಅಂಟಿತ್ತು. ಅದನ್ನು ಹೇಳಲೋ ಬೇಡವೋ ಎಂದು ಅವನು ಯೋಚಿಸುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಕಿಟಕಿಯಾಚೆ ಹಿಮ ನೀಲಿಯಿಂದ ಬೆಳ್ಳಗಾಗುತ್ತಿತ್ತು.

ಅವನು ಅಂಗಡಿಗೆ ಹೊರಟ. ಅವಳು ಕೋಟಿನೊಳಗೆ ಬೆಚ್ಚಗಿಟ್ಟ ಹಿಡಿಯನ್ನು ತಂದು ಕಾರಿಗೆ ಜೋಡಿಸಿ, ಇನ್ನೂ ನಗುತ್ತಲೇ, ಊದಿದಳು.

ಕೆಂಪು ದೀಪ ಹತ್ತಿತು.

ಕೆಲವು ನಿಮಿಷ ಬಿಟ್ಟು ಯಂತ್ರ ಮತ್ತೊಮ್ಮೆ ಊದಲು ಕೇಳುತ್ತದೆ. ಆಗ ಊದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾರ್ನಿಗೆ ಕೆಂಪು ದೀಪವೆಂದರೆ ಚರ್ಚಿನ ಬೋರ್ಡು, ಪೊಲೀಸರ ಕಾರು, ಠಾಣೆಗೆ ಬಂದ ಅಕ್ಕನ ಮುಖ. ಅವಳು ಬಾಗಿಲು ತೆರೆದು ಇಳಿದು, ಕ್ಲಿನಿಕ್ಕಿನತ್ತ ನಡೆದೇ ಹೋದಳು. ಅರ್ಧ ದಾರಿಯಲ್ಲಿ ಬ್ರೆಡ್ಡಿನ ನೆನಪಾಗಿ, ಹಿಮದ ನಡುವೆ ನಿಂತುಬಿಟ್ಟಳು.

ಆಗಲೂ ಕೋರ್ಟಿನ ಮೇಲ್ವಿಚಾರಕಿಗೆ ಫೋನ್ ಮಾಡಬಹುದಿತ್ತು. ಅವತ್ತೇ ಮೂತ್ರ ಪರೀಕ್ಷೆ ಮಾಡಿ ನಿಜ ತಿಳಿದುಕೊಳ್ಳುತ್ತಿದ್ದರು. ಆದರೆ ಬ್ರೆಡ್ ಎಲ್ಲಿಂದ ಬಂತೆಂದು ಕೇಳುತ್ತಿದ್ದರು. ಅವಳು ಫೋನನ್ನು ಕೈಗೆ ತೆಗೆದುಕೊಂಡು, ಮತ್ತೆ ಚೀಲಕ್ಕೆ ಹಾಕಿದಳು.

ಮುಂದಿನ ವಾರ ಅಂಗಡಿಯಲ್ಲಿ ಯಂತ್ರದ ದಾಖಲೆ ತೆಗೆಯುತ್ತಿದ್ದ ಆರ್ಲೆನ್‌ನ ಕಿವಿಗಳು ಮೊದಲ ಸಲ ಬಿಳುಚಿಕೊಂಡವು.

“ಬ್ರೆಡ್ಡು,” ಎಂದ.

“ಹೂಂ.”

“ಇದನ್ನ ನಾನು ಕಳಿಸಲೇಬೇಕು ಮಾರ್ನಿ.”

“ಕಳಿಸಿ. ಬ್ರೆಡ್ಡಿನ ಸುದ್ದಿ ಮಾತ್ರ ಎತ್ತಬೇಡಿ. ನಿಮ್ಮ ಕೆಲಸ ಹೋಗುತ್ತೆ.”

“ನಿಮ್ಮನ್ನ ಜೈಲಿಗೆ ಹಾಕ್ತಾರೆ. ಮೊದಲಿಂದ ಶುರು ಮಾಡಿಸ್ತಾರೆ.”

“ನನಗೆ ಅಭ್ಯಾಸ ಇದೆ,” ಅಂದಳು. ಅದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ದಾಖಲೆಯನ್ನು ಕೋರ್ಟಿಗೆ ಕಳಿಸಿದ.

ಕೋರ್ಟಿನ ದಿನ ಗೋರ್ಡಿ ಅವಳ ಪಕ್ಕದಲ್ಲೇ ಕೂತಿದ್ದ. ಆ ಕೋರ್ಟಿನಲ್ಲೊಂದು ವಾಡಿಕೆ: ಯಾರು ಶುದ್ಧವಾಗಿ ಎರಡು ವಾರ ಕಳೆದರೂ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಜಡ್ಜ್ ವಾಸ್ಬರ್ಗ್ ಕೂಡ. ಗೋರ್ಡಿಗೂ ತಟ್ಟಿದರು. ಮಾರ್ನಿಯ ಹೆಸರು ಕರೆದಾಗ ಯಾರೂ ಕೈ ಎತ್ತಲಿಲ್ಲ.

“ಮಾರ್ನಿ, ಆ ಶುಕ್ರವಾರ ಏನಾಯ್ತಮ್ಮ?”

“ಬಿಸಿ ಬ್ರೆಡ್ ತಿಂದಿದ್ದೆ, ಮೇಡಂ. ಹೆದರಿಕೊಂಡು ಎರಡನೇ ಸಲ ಊದಲಿಲ್ಲ.”

“ಫೋನೂ ಮಾಡಲಿಲ್ಲ. ಬ್ರೆಡ್ ಎಲ್ಲಿಂದ ಬಂತು?”

“ಯಾರೋ ಕೊಟ್ಟರು.”

“ಆ ಯಾರಿಗೋ ಹೆಸರಿಲ್ವಾ?”

ಮಾರ್ನಿ ಜಡ್ಜ್ ಅವರ ಮೇಜಿನ ಅಂಚನ್ನು ನೋಡುತ್ತಾ ನಿಂತಳು.

“ನೋಡಿ,” ಎಂದರು ಜಡ್ಜ್. ಅವರ ದನಿ ಗಟ್ಟಿಯಾಗಿರಲಿಲ್ಲ. “ಕುಡಿದವರನ್ನ ನಾನು ಚಿಕಿತ್ಸೆಗೆ ಕಳಿಸ್ತೀನಿ. ಮುಚ್ಚಿಟ್ಟವರನ್ನ ಜೈಲಿಗೆ ಕಳಿಸ್ತೀನಿ. ಇಷ್ಟು ದಿನ ಇಲ್ಲಿದ್ದೀರಿ, ನಿಮಗಿದು ಗೊತ್ತು.”

“ಗೊತ್ತು ಮೇಡಂ.”

“ಕೊನೇ ಸಲ ಕೇಳ್ತಿದೀನಿ.”

“ಆ ಯಾರೋ ನಾನೇ ಮೇಡಂ.” ದನಿ ಹಿಂದಿನ ಬೆಂಚಿನಿಂದ ಬಂತು. ಆರ್ಲೆನ್ ಎದ್ದು ನಿಂತಿದ್ದ. ಎದೆಗೆ ಒಂದು ರಟ್ಟಿನ ಪೆಟ್ಟಿಗೆ ಒತ್ತಿಕೊಂಡಿದ್ದ. ಕೋರ್ಟಿನ ತುಂಬ ಏಲಕ್ಕಿಯ ವಾಸನೆ. “ಅದೇ ತರದ್ದು ಮಾಡ್ಕೊಂಡು ಬಂದಿದೀನಿ. ನಡುವೆ ಹಸಿಹಸಿ. ಊದೋ ಯಂತ್ರನೂ ತಂದಿದೀನಿ. ನಾನು ಹೇಳೋದನ್ನ ನಂಬಬೇಡಿ, ಯಾರಾದರೂ ತಿಂದು ನೋಡಿ.”

“ವಿಜ್ಞಾನಕ್ಕೋಸ್ಕರ ನಾನು ತಿಂತೀನಿ!” ಗೋರ್ಡಿ ಅರ್ಧ ಎದ್ದೇಬಿಟ್ಟ.

“ಗೋರ್ಡಿ, ನೀವು ಕೂತ್ಕೊಳ್ಳಿ. ನಿಮ್ಮ ಉಸಿರನ್ನ ಸಾಕ್ಷಿಗೆ ತಗೊಳ್ಳೋಕಾಗಲ್ಲ.” ಜಡ್ಜ್ ಕೈ ಚಾಚಿದರು. “ಇಲ್ಲಿ ತನ್ನಿ.”

ಜಡ್ಜ್ ವಾಸ್ಬರ್ಗ್ ಕಪ್ಪು ನಿಲುವಂಗಿಯ ಮೇಲೆ ಕರವಸ್ತ್ರ ಹಾಸಿಕೊಂಡು, ನಡುವಿನ ಮೆತ್ತನೆಯ ತುಂಡನ್ನು ನಿಧಾನವಾಗಿ ತಿಂದರು. ಆಮೇಲೆ ಊದಿದರು.

ಕೆಂಪು.

ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮರುಕ್ಷಣ ಎಲ್ಲರೂ ತಟ್ಟಿದರು. “ಮೊದಲಿಂದ ಶುರು ಮಾಡಿ ಮೇಡಂ!” ಎಂದು ಗೋರ್ಡಿ ಕೂಗಿದ. ಜಡ್ಜ್ ತುಟಿ ಬಿಗಿಹಿಡಿದು ನಗು ತಡೆದರು.

“ಎಷ್ಟು ಹೊತ್ತು ಕಾಯಬೇಕು?”

“ಬಾಯಿ ಮುಕ್ಕಳಿಸಿ ಕಾಲು ಗಂಟೆ,” ಎಂದರು ಆರ್ಲೆನ್, ಮಾರ್ನಿ ಇಬ್ಬರೂ, ಒಟ್ಟಿಗೇ.

ಜಡ್ಜ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ನೀರು ತರಿಸಿ ಮುಕ್ಕಳಿಸಿದರು. ಕೋರ್ಟು ಕಾಯುತ್ತಾ ಕೂತಿತು.

“ನೀಮಿಯವರೇ, ಈ ಮಾತನ್ನ ಎಲ್ಲ ಗಿರಾಕಿಗೂ ಹೇಳ್ತೀರಾ?”

“ಎಲ್ಲರಿಗೂ ಮೇಡಂ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳ್ತೀನಿ.”

“ಮತ್ತೆ ಅವತ್ತು?”

ಅವನ ಕಿವಿಗಳು ಎಷ್ಟು ಕೆಂಪಾದವೆಂದರೆ ಟೈಪ್ ಮಾಡುತ್ತಿದ್ದ ಹೆಂಗಸು ಕೂಡ ಬೆರಳು ನಿಲ್ಲಿಸಿ ನೋಡಿದಳು. “ಅವರು ತಿನ್ನೋದನ್ನ ನೋಡ್ತಿದ್ದೆ,” ಎಂದ. “ಮರೆತೇಹೋಯ್ತು.”

“ನೀವಮ್ಮ? ನಿಮಗೂ ಬಾಯಿಪಾಠವೇ ಅಲ್ವಾ?”

ಮಾರ್ನಿ ಯೋಚಿಸಿದಳು. ಅಲ್ಲಿ ಸುಳ್ಳು ಹೇಳುವಂತಿರಲಿಲ್ಲ. “ಅವರು ನೋಡ್ತಿರೋದನ್ನ ನಾನು ನೋಡ್ತಿದ್ದೆ, ಮೇಡಂ.”

ಗೋರ್ಡಿ ಟೋಪಿಯಿಂದ ಮೂಗು ಒರೆಸಿಕೊಂಡ.

ಕಾಲು ಗಂಟೆ ಮುಗಿದು ಜಡ್ಜ್ ಊದಿದರು. ಹಸಿರು.

“ಕುಡಿದಿಲ್ಲ ಅನ್ನೋದನ್ನ ಒಪ್ತೀನಿ,” ಎಂದರು ಅವರು, ಕರವಸ್ತ್ರ ಮಡಿಸುತ್ತಾ. “ಮುಚ್ಚಿಟ್ಟಿದ್ದು ಮುಚ್ಚಿಟ್ಟಿದ್ದೇ. ಜೈಲು ಬೇಡ. ಹಿಮ ಕರಗೋವರೆಗೆ ಲೂಥರನ್ ಚರ್ಚಿನ ಅಂಗಳದ ಹಿಮ ನೀವೇ ಎತ್ತಬೇಕು. ಬೋರ್ಡ್ ಎಲ್ಲಿದೆ ಅಂತ ನಿಮಗೆ ಹೇಗೂ ಗೊತ್ತು. ಅಲ್ಲಿವರೆಗೆ ಬಿಡುಗಡೆ ಇಲ್ಲ, ಯಂತ್ರವೂ ಇರುತ್ತೆ. ಇನ್ನುಮುಂದೆ ಅದನ್ನ ಬೇರೆ ಅಂಗಡಿಯಲ್ಲಿ ತೋರಿಸಿ.” ಸ್ವಲ್ಪ ತಡೆದು, “ನೀಮಿಯವರೇ, ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗಿ,” ಎಂದರು.

ಆ ಸಂಜೆಯೇ ಆರ್ಲೆನ್‌ನ ಕೆಲಸ ಹೋಯಿತು. ಮಾಲೀಕ ಬೈಯಲಿಲ್ಲ, ಗೋಡೆಯ ಮೇಲಿನ ಬರಹವನ್ನು ತೋರಿಸಿದನಷ್ಟೆ. ಗಣಿಯ ಲಾರಿಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಗಲಾಟೆ ಜಾಸ್ತಿ.

“ನಿಮ್ಮ ಕಿವಿ ಹಾಳಾಗುತ್ತೆ,” ಅಂದಳು ಮಾರ್ನಿ.

“ಆದರೆ ನಿಮ್ಮ ಕ್ಲಿನಿಕ್ಕಿಗೆ ಬರೋಕೊಂದು ನೆಪ ಆಗುತ್ತೆ.”

ಆ ಮಾತು ಆಗಿದ್ದು ಅವಳ ಕಾರಿನೊಳಗೆ, ಚರ್ಚಿನ ಅಂಗಳದ ಅಂಚಿನಲ್ಲಿ. ಸಲಿಕೆ ಹಿಂದಿನ ಸೀಟಿನಲ್ಲಿತ್ತು. ಹಿಮ ಅಂಚುಗಳಲ್ಲಿ ಬೂದುಬಣ್ಣಕ್ಕೆ ತಿರುಗಿ ತೊಟ್ಟಿಕ್ಕುತ್ತಿತ್ತು. ಹೊಸ ಬೋರ್ಡು ನೆಟ್ಟಗೆ ನಿಂತಿತ್ತು. ಇಬ್ಬರ ನಡುವೆ ಟವೆಲ್ಲು. ಅದರಲ್ಲಿ ಅರ್ಧ ಮುಗಿದ ಪುಲ್ಲಾ. ಈ ಸಲ ನಡುವೆಯೂ ಚೆನ್ನಾಗಿ ಬೆಂದಿತ್ತು.

“ಅಮ್ಮನ ಕೈರುಚಿ ಬಂತಾ?” ಕೇಳಿದಳು.

“ಇಲ್ಲ. ಹತ್ತಿರ ಬಂದಿದೆ.”

ಅವಳು ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ ಬಾಗಿಲಾಚೆ ಉಗುಳಿದಳು. ಅವನು ಗಂಟಲು ಸರಿಮಾಡಿಕೊಂಡು, “ಬಿಸಿ ಬ್ರೆಡ್ಡು ತಿಂದ್ರೆ…” ಎಂದು ಶುರುಮಾಡಿದ.

“ಗೊತ್ತು ಮೇಷ್ಟ್ರೇ.”

“ಹೇಳ್ತೀನಿ ಬಿಡಿ. ಇನ್ಮೇಲೆ ಯಾವತ್ತೂ ಮರೆಯಲ್ಲ.” ಅವನು ಮುಂದಿನ ಗಾಜಿನತ್ತ ನೋಡುತ್ತಾ ಹೇಳಿದ. “ಬದುಕಿರೋವರೆಗೆ, ಪ್ರತಿ ಸಲವೂ, ನಿಮ್ಮ ಪಕ್ಕದಲ್ಲೇ ಕೂತು ಹೇಳ್ತೀನಿ. ನಿಮಗೆ ಬೇಜಾರಿಲ್ಲ ಅಂದ್ರೆ.”

ಅವಳ ಎದೆ ಢವಢವ ಎಂದಿತು. ಈ ಸಲ ಅದಕ್ಕೆ ಒಂದೇ ಕಾರಣವಿತ್ತು.

“ಬೋರಾಗಿ ಹೇಳಬೇಕು,” ಅಂದಳು. “ಮೊದಲಿನ ಹಾಗೇ.”

ಅವನ ಕೈಮೇಲೆ ಅವಳ ಕೈ ಇತ್ತು. ಊದುವ ಹಿಡಿ ಅವಳ ಕೋಟಿನೊಳಗೆ ಬೆಚ್ಚಗಿತ್ತು. ಕಾಲು ಗಂಟೆ ಯಾವಾಗಲೋ ಮುಗಿದಿತ್ತು. ಅದನ್ನು ಇಬ್ಬರೂ ಹೇಳಲಿಲ್ಲ.