ಬೆರಳಿಗೆ ತಿಳಿಯದ ಟ್ರಿಗರ್

"ಸ್ಕ್ರೂ ಮೇಷ್ಟ್ರೇ, ನನ್ನ ಟ್ರಿಗರ್‌ಗೆ ಏನ್ ಮಾಡಿದ್ರಿ?"

ರೈಫಲ್ ಕ್ಲಬ್ಬಿನ ರಿಪೇರಿ ಕೋಣೆಯ ಬಾಗಿಲಲ್ಲಿ ಅವಳು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಕ್ಲಬ್ಬಿನಲ್ಲಿ ಅವಳ ಹಾಗೆ ಗುರಿ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಟೀಮಿನ ಆಯ್ಕೆಗೆ ಹದಿನೈದೇ ದಿನ. ಈ ವಾರ ನೋಡಿದರೆ ಅವಳ ಗುಂಡುಗಳೆಲ್ಲ ಚೆಲ್ಲಾಪಿಲ್ಲಿ.

"ಈಚೆಗೆ ಟ್ರಿಗರ್ ಮುಟ್ಟೇ ಇಲ್ಲ ಕಣ್ರೀ," ಅಂದ ರಿಪೇರಿ ಮೇಜಿನ ಮುಂದೆ ಕೂತಿದ್ದ ಅವನು.

"ಮತ್ತೆ? ಯಾವಾಗ ಬಿಡುತ್ತೋ ಗೊತ್ತೇ ಆಗಲ್ಲ. ಎಳೆದೂ ಎಳೆದೂ ಕೈ ಅಲುಗುತ್ತೆ."

ಎರಡು ವರ್ಷದ ಹಿಂದೆ ಆ ಟ್ರಿಗರನ್ನು ನಯ ಮಾಡಿಕೊಟ್ಟವನು ಅವನೇ. ಒರಟು ಟ್ರಿಗರ್ ಬೆರಳಿನಿಂದ ಬಲ ಕೇಳುತ್ತದೆ. ಆ ಬಲಕ್ಕೆ ರೈಫಲ್ಲಿನ ನಳಿಗೆ ಕೂದಲೆಳೆಯಷ್ಟು ವಾಲಿದರೂ ಗುಂಡು ಗುರಿ ಬಿಟ್ಟಂತೆಯೇ. ಅದಕ್ಕೇ, ಮೊದಲು ಸಲೀಸಾಗಿ ಬಂದು, ಒಂದು ಕಡೆ ಬೆರಳಿಗೆ ತಡೆದು, ಆಮೇಲೆ ಒಣಕಡ್ಡಿ ಮುರಿದ ಹಾಗೆ ಬಿಡುವಂತೆ ಕೂರಿಸಿದ್ದ. "ಇದು ನನ್ನ ಮನಸ್ಸು ಓದುತ್ತೆ!" ಎಂದು ಅವಳು ನಕ್ಕಿದ್ದಳು. ಆ ನಗು ನೋಡಲಿಕ್ಕೆಂದೇ, ಹಿಡಿಯ ಸಡಿಲವಾಗದ ಸ್ಕ್ರೂಗಳನ್ನೂ ವಾರಕ್ಕೊಮ್ಮೆ ಬಿಗಿ ಮಾಡುತ್ತ ಬಂದಿದ್ದ. ಅವಳು 'ಸ್ಕ್ರೂ ಮೇಷ್ಟ್ರು' ಅಂತ ಕರೆಯುತ್ತಿದ್ದುದೂ ಅದಕ್ಕೇ.

ಬಿಚ್ಚಿ ನೋಡಿದ. ಧೂಳಿಲ್ಲ, ಸವೆತವಿಲ್ಲ. ತೂಕ ಕಟ್ಟಿ ಹತ್ತು ಸಲ ಪರೀಕ್ಷಿಸಿದ. ಹತ್ತು ಸಲವೂ ಅಷ್ಟೇ ಭಾರಕ್ಕೆ ಟಕ್ಕೆಂದಿತು. ತಾನೇ ಐದು ಗುಂಡು ಹಾರಿಸಿದ. ಐದೂ ಒಂದೇ ತೂತಿನಲ್ಲಿ.

ಅವನ ಕಣ್ಣು ಟ್ರಿಗರ್ ಬಿಟ್ಟು ಅವಳ ಬೆರಳಿನ ಕಡೆ ಹೋಯಿತು.

"ಸ್ವಲ್ಪ ಕಣ್ಣು ಮುಚ್ತೀರಾ?"

"ಯಾಕೆ, ಸರ್ಪ್ರೈಸಾ?" ತುಟಿಯಂಚಲ್ಲೇ ನಕ್ಕು ಕಣ್ಣು ಮುಚ್ಚಿದಳು.

ಎಣ್ಣೆ ಹಚ್ಚುವ ಕುಂಚದ ತುದಿಯನ್ನು ಅವಳ ತೋರುಬೆರಳಿಗೆ ತಾಗಿಸಿದ. ಸವರಿದ. ಒತ್ತಿದ.

"ಹೂಂ, ಬೇಗ ಶುರು ಮಾಡಿ," ಅಂದಳು.

ಕಣ್ಣು ತೆರೆದವಳಿಗೆ ಬೆರಳ ಮೇಲಿದ್ದ ಕುಂಚ ಕಾಣಿಸಿತು. ಅದನ್ನು ತಾನೇ ತೆಗೆದುಕೊಂಡು ಮತ್ತೊಮ್ಮೆ ಬೆರಳಿಗೆ ಒತ್ತಿ ನೋಡಿದಳು.

"ಟ್ರಿಗರ್ ಸರಿಯಾಗೇ ಇದೆ," ಅಂದ ಅವನು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ನರದ ಕಾಯಿಲೆ, ಬೆರಳಿಂದ ನಿಧಾನಕ್ಕೆ ಮೇಲೇರುತ್ತದೆ, ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಆಯ್ಕೆಯ ದಿನ ಬೆಳಗ್ಗೆ ಅವಳು ರೈಫಲ್ಲನ್ನು ಅವನ ಮೇಜಿನ ಮೇಲಿಟ್ಟಳು.

"ನನ್ನ ತಂಗಿ ಕಲೀತಿದಾಳೆ. ಅವಳ ಬೆರಳಿಗೆ ಒಗ್ಗೋ ಹಾಗೆ ಮಾಡಿಕೊಡಿ. ನಾನಿನ್ನು ಈ ಕಡೆ ಬರಲ್ಲ."

ಅವನು ಅವಳ ಬೆರಳುಗಳನ್ನು ಹಿಡಿದ.

"ಗೊತ್ತಾಗ್ತಾ ಇಲ್ಲ," ಅಂದಳು, ಕಣ್ಣು ತುಂಬಿಕೊಂಡು.

ಅವನ ಬೆರಳು ಮಣಿಕಟ್ಟಿಗೆ ಸರಿಯಿತು. "ಇಲ್ಲಿ?"

"ಇಲ್ಲಿ... ಗೊತ್ತಾಗುತ್ತೆ."

"ಹಾಗಾದ್ರೆ ಇಲ್ಲೇ ಹಿಡ್ಕೋತೀನಿ."

"ಮುಂದೆ ಇಲ್ಲೂ ಗೊತ್ತಾಗದೆ ಹೋದ್ರೆ?"

"ಆಗ ಬಾಯಿಬಿಟ್ಟು ಹೇಳ್ತೀನಿ, ಹಿಡ್ಕೊಂಡಿದೀನಿ ಅಂತ. ದಿನಾ ಹೇಳ್ತೀನಿ."

ಹೊರಗೆ ಆಯ್ಕೆಯ ಮೊದಲ ಗುಂಡು ಹಾರಿತು. ಅವಳು ಬೆಚ್ಚಿದಳು. ಕೈ ಬಿಡಿಸಿಕೊಳ್ಳದೆ, ಅವನ ಭುಜಕ್ಕೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.