ಅಲುಗದೆ ನಿಂತವಳು

ಹೋಳೂರಿನ ಆ ಮನೆಯಲ್ಲಿ ವಾರದಿಂದ ಒಂದೇ ತಮಾಷೆ. ರಜನಿಯ ಹೆಜ್ಜೆ ಸದ್ದಾಗುವ ಮೊದಲೇ ಉಮಾಶಂಕರನ ಕತ್ತು ಅವಳತ್ತ ತಿರುಗುತ್ತದೆ.

"ನೋಡೇ, ನಿಮ್ ಬಾವನಿಗೆ ಬೆನ್ನಲ್ಲೂ ಕಣ್ಣು!" ಎಂದು ಅಮ್ಮ ಆದಿಲಕ್ಷ್ಮಿ ರೇಗಿಸಿದರೆ ರಜನಿ ಕೆಂಪಗಾಗಿ ಒಳಗೆ ಓಡುತ್ತಿದ್ದಳು. ಅವನು ಮುಳಬಾಗಿಲಿನ ಸೋದರತ್ತೆಯ ಮಗ, ನೌಕಾಪಡೆಯವನು. ನಾಳೆ ಹಡಗಿಗೆ ವಾಪಸ್. ಮದುವೆಗೆ ಹೂಂ ಅನ್ನುತ್ತಾಳೋ ಊಹೂಂ ಅನ್ನುತ್ತಾಳೋ, ರಜನಿ ಇವತ್ತು ಹೇಳಬೇಕಿತ್ತು.

ಹೂಂ ಅನ್ನಲು ಆ ನೋಟವೊಂದೇ ಸಾಕಾಗಿತ್ತು. ಬೆಳಿಗ್ಗೆಯವರೆಗೆ.

ಬೆಳಿಗ್ಗೆ ಅಂಗಳದಲ್ಲಿ ಅವನು ಕಣ್ಣು ಮುಚ್ಚಿ ಕುಳಿತಿದ್ದ. ಕಾಗೆಯೊಂದು ನೇರ ಅವನತ್ತ ಹಾರಿಬಂತು. ಕತ್ತು ಟಕ್ಕನೆ ಅದರ ಕಡೆ ತಿರುಗಿತು. ನಾಯಿ ಓಡಿಬಂತು, ಮತ್ತೆ ಹಾಗೆಯೇ. ರೆಪ್ಪೆ ಮಾತ್ರ ತೆರೆಯಲೇ ಇಲ್ಲ.

ಮಧ್ಯಾಹ್ನ ರೇಷ್ಮೆಹುಳದ ಮನೆಯಲ್ಲಿ ಇಬ್ಬರೇ ಸೊಪ್ಪು ಹಾಕುತ್ತಿದ್ದರು. ಸಾವಿರಾರು ಹುಳುಗಳು ಎಲೆ ತಿನ್ನುವ ಸದ್ದು, ಗೋಡೆಯಾಚೆ ಯಾರೋ ಪಿಸುಗುಟ್ಟಿದಂತೆ.

"ಬಾವ, ನೀನು ನೋಡೋದು ನನ್ನನ್ನಾ?"

ಅವನು ಸೊಪ್ಪು ಕೆಳಗಿಟ್ಟ. "ನಮ್ ಹಡಗಲ್ಲಿ ಒಂದು ಗನ್ ಐತೆ ಕಣೇ, ಆಟೋಮ್ಯಾಟಿಕ್. ಮಿಸೈಲ್ ಬಂದ್ರೆ ಅದೇ ಹುಡುಕುತ್ತೆ, ಅದೇ ತಿರುಗುತ್ತೆ, ಅದೇ ಹೊಡೆಯುತ್ತೆ. ನಮ್ಮನ್ನ ಕೇಳೋಷ್ಟು ಟೈಮ್ ಇರಲ್ಲ."

"ಹಕ್ಕಿ ಬಂದ್ರೆ?"

"ಅದಕ್ಕೂ ತಿರುಗುತ್ತೆ. ಹೊಡೀಬೇಡ ಅನ್ನೋ ಸ್ವಿಚ್ ಮಾತ್ರ ನನ್ ಕೈಲಿ. ನಾಲ್ಕು ವರ್ಷ ಅದರ ಜೊತೆ ಕೂತೆ. ಈಗ ಅದು ಇಲ್ಲಿ ಕೂತೈತೆ." ಅವನು ಕುತ್ತಿಗೆ ಮುಟ್ಟಿಕೊಂಡ. "ನೀನು ಬಂದಾಗ ತಿರುಗೋದು ನಾನಲ್ಲ ರಜನಿ. ಅದು."

ತಗಡು ಶೀಟಿನ ಮಾಡಿನ ಕೆಳಗಿನ ಧಗೆಯಲ್ಲೂ ಅವಳ ಬೆನ್ನು ತಣ್ಣಗಾಯಿತು.

"ನಾನು ಅಲುಗದೆ ನಿಂತಿದ್ರೆ?"

"ಅಲುಗದೇ ಇರೋದು ಅದರ ಲೆಕ್ಕಕ್ಕೇ ಇಲ್ಲ. ತನ್ನ ಮೇಲೆ ನುಗ್ಗಿ ಬರೋದಷ್ಟೇ ಅದಕ್ಕೆ ಬೇಕು."

"ಹಂಗಾದ್ರೆ ಬಾಗಿಲ ಕಡೆ ಮುಖ ಮಾಡಿ ನಿಲ್ಲು."

ನಿಂತ. ಅವಳು ಹುಳು ಸಾಕುವ ತಟ್ಟೆಗಳ ಸಾಲಿನ ಹಿಂದೆ ಉಸಿರು ಬಿಗಿಹಿಡಿದಳು. ಹೊರಗೆ ಬೈಕೊಂದು ಬಂತು. ಅವನ ಕತ್ತು ಟಕ್ಕನೆ ಅದರತ್ತ ಹೊರಳಿ ನಿಂತಿತು. ಆಮೇಲೆ ಏನೂ ಇಲ್ಲ. ಹುಳುಗಳ ಪಿಸುಮಾತು ಮಾತ್ರ. ಅವಳ ಕಣ್ಣು ತುಂಬಿತು. ಊಹೂಂ ಎನ್ನುವುದೇ ಸರಿಯೇನೋ.

ಆಗ ಅವನ ಕತ್ತು ಅಲುಗಿತು. ಟಕ್ಕನೆ ಅಲ್ಲ, ನಿಧಾನವಾಗಿ, ಅಳುಕುತ್ತಾ. ಅರ್ಧಕ್ಕೆ ನಿಂತು, ಹಿಂದೆ ಸರಿದು, ಮತ್ತೆ ಬಂತು. ಕಣ್ಣುಗಳು ತಟ್ಟೆಗಳ ಸಂದುಸಂದಲ್ಲಿ ತಡಕಾಡಿ ಅವಳನ್ನು ಕಂಡುಕೊಂಡವು.

"ಏನೂ ಬರ್ಲಿಲ್ಲ," ಅಂದ ಅವನು. "ಆದ್ರೂ ನೋಡ್ಬೇಕು ಅನ್ನಿಸ್ತು."

"ಯಾರಿಗೆ?"

"ನನಗೆ ಕಣೇ."

"ಹಂಗಾದ್ರೆ ಅತ್ತೆಗೆ ಫೋನ್ ಮಾಡು. ಹೂಂ ಅಂದ್ಳು ಅಂತ ನೀನೇ ಹೇಳು."

ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು. ಅವನ ಕತ್ತು ಟಕ್ಕೆಂದಿತು. ಕಣ್ಣುಗಳು ಮಾತ್ರ ಅದಕ್ಕಿಂತ ಮೊದಲೇ ಅವಳ ಮೇಲಿದ್ದವು.